ಬೇಕರಿ ಒಲೆಗೆ ಹೊರಟ ಮನೆಯ ಕೇಕು

ಡಿಸೆಂಬರ್ ಮೂರನೇ ವಾರ ಬಂತೆಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಬೇಕರಿಗಳಿಗೆ ಕೊಳ್ಳಲು ಬರುವವರ ಜೊತೆಗೆ ಕೊಡಲು ಬರುವವರೂ ಇರುತ್ತಿದ್ದ ಕಾಲವೊಂದಿತ್ತು. ಅವರ ಕೈಯಲ್ಲಿ ತಗಡಿನ ಅಚ್ಚುಗಳು. ಅಚ್ಚಿನೊಳಗೆ ಮನೆಯಲ್ಲೇ ಕಲಸಿದ, ಒಣದ್ರಾಕ್ಷಿ ತುಂಬಿದ ಗಟ್ಟಿ ಹಿಟ್ಟು. ಯಾವುದು ಯಾರ ಮನೆಯದೆಂದು ತಿಳಿಯಲು ಮೇಲೊಂದು ಹೆಸರಿನ ಚೀಟಿ. ಬೇಕರಿಯವನು ದಿನದ ಬ್ರೆಡ್ಡು, ಬನ್ನುಗಳನ್ನು ಬೇಯಿಸಿ ಮುಗಿಸಿ, ಒಲೆಯ ಕಾವು ಸ್ವಲ್ಪ ಇಳಿದ ಮೇಲೆ ಈ ಅಚ್ಚುಗಳನ್ನು ಉದ್ದ ಹಿಡಿಯ ಹಲಗೆಯ ಮೇಲಿಟ್ಟು ಒಳಗೆ ತಳ್ಳುತ್ತಿದ್ದ. ಒಂದೆರಡು ಗಂಟೆ ಕಳೆದರೆ ಬೀದಿಯ ಉದ್ದಕ್ಕೂ ಲವಂಗ, ಜಾಕಾಯಿಯ ಘಮ.

ಹೀಗೆ ಬೆಂದ ಕೇಕು ಮನೆಯದೋ, ಬೇಕರಿಯದೋ? ಹಿಟ್ಟು ಒಬ್ಬರದು, ಬೆಂಕಿ ಇನ್ನೊಬ್ಬರದು. ದೇಶದ ಹಲವು ಊರುಗಳ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಇದ್ದ ವಾಡಿಕೆಯೇ ಇದು. ಗಣಿಯ ಊರೂ ಅದಕ್ಕೆ ಹೊರತಾಗಿರಲಿಲ್ಲ. ಇಂದು ಕ್ರಿಸ್‌ಮಸ್ ಕೇಕು ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ, ರಿಬ್ಬನ್ ಕಟ್ಟಿದ ಪೊಟ್ಟಣ ಕಣ್ಣಿಗೆ ಬರುತ್ತದೆ. ಆದರೆ ನೂರು ವರ್ಷಕ್ಕೂ ಮಿಕ್ಕಿ ಈ ತಿನಿಸು ಕೋಲಾರದ ನೆಲದಲ್ಲಿ ಉಳಿದು ಬಂದದ್ದು ಅದರ ಶ್ರೀಮಂತಿಕೆಯಿಂದಲ್ಲ, ಸರಳತನದಿಂದ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆ ಹೆಸರಾಗಿರುವುದು ಹಾಲು, ರೇಷ್ಮೆ, ಮಾವು, ಟೊಮೆಟೊಗಳಿಗೆ. ಮುದ್ದೆ, ಸೊಪ್ಪಿನ ಸಾರಿನ ಈ ಬಯಲುಸೀಮೆಗೆ ಇಂಗ್ಲೆಂಡಿನ ಹಬ್ಬದ ಕೇಕು ಬಂದದ್ದಾದರೂ ಹೇಗೆ? ಅದನ್ನು ಕರೆತಂದದ್ದು ಚಿನ್ನ. ಐರ್ಲೆಂಡಿನ ನಿವೃತ್ತ ಸೈನಿಕ ಮೈಕೆಲ್ ಲವೆಲ್ 1875ರಲ್ಲಿ ಇಲ್ಲಿ ಚಿನ್ನ ಹುಡುಕಲು ಸರ್ಕಾರದಿಂದ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಿತು. ಆಮೇಲೆ ಬಂಜರು ಭೂಮಿಯ ಚಹರೆಯೇ ಬದಲಾಯಿತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಹಳಿ ಬಂತು. ಬಂಗಲೆಗಳು, ಕ್ಲಬ್ಬು, ಇಗರ್ಜಿಗಳು ಎದ್ದವು. ಊರಿಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರು ಬಿತ್ತು. ಕಾರ್ಮಿಕರ ಸಾಲುಮನೆಗಳನ್ನು ನೋಡಿದ ಯಾರೂ ಆ ಹೆಸರನ್ನು ಇಡುತ್ತಿರಲಿಲ್ಲ ಎಂಬ ಮಾತು ಬೇರೆ.

ಗಣಿಗೆ ಬಂದ ಇಂಗ್ಲಿಷರಲ್ಲಿ ಬಹುಮಂದಿ ಕಾರ್ನ್‌ವಾಲ್ ಪ್ರಾಂತದವರು. ಇಂಗ್ಲೆಂಡಿನ ನೈರುತ್ಯ ಮೂಲೆಯ ಈ ಪ್ರದೇಶದಲ್ಲಿ ತವರ, ತಾಮ್ರದ ಗಣಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೊರಗತೊಡಗಿದಾಗ, ಅಲ್ಲಿನ ಪಳಗಿದ ಗಣಿಗರು ಲೋಕದ ನಾಲ್ಕು ದಿಕ್ಕಿಗೂ ಚದುರಿದರು. ಅವರ ಸೀಮೆಯ ಹಳೆಯ ತಿನಿಸೊಂದಿದೆ: ಕೇಸರಿ ಬೆರೆಸಿ, ಒಣದ್ರಾಕ್ಷಿ ತುಂಬಿ, ಯೀಸ್ಟಿನಿಂದ ಉಬ್ಬಿಸಿದ ಬ್ರೆಡ್ಡು. ಅದು ಕೇಕೂ ಅಲ್ಲ, ಪೂರ್ತಿ ಬ್ರೆಡ್ಡೂ ಅಲ್ಲ. ಇಂಗ್ಲೆಂಡಿನ ಹಣ್ಣಿನ ಕೇಕುಗಳ ಮೂಲವೂ ಇಂಥ ದ್ರಾಕ್ಷಿ ಬ್ರೆಡ್ಡುಗಳೇ. ಮೊಟ್ಟೆ, ಬೆಣ್ಣೆ, ಸಕ್ಕರೆಗಳ ಪ್ರಮಾಣ ಏರುತ್ತಾ ಹೋದಂತೆ ಯೀಸ್ಟು ಹಿಂದೆ ಸರಿದು ಕೇಕು ಉಳಿಯಿತು. ಜನವರಿ 6ರ ಹಬ್ಬಕ್ಕೆ ಮಾಡುತ್ತಿದ್ದ ಈ ದೊಡ್ಡ ಕೇಕು ಕ್ರಿಸ್‌ಮಸ್ ದಿನಕ್ಕೆ ಜಾರಿಕೊಂಡದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಎಂದರೆ, ಕೋಲಾರದಲ್ಲಿ ಗಣಿ ಆರಂಭವಾದಾಗ ‘ಸನಾತನ’ ಎನಿಸಿಕೊಳ್ಳುವ ಕ್ರಿಸ್‌ಮಸ್ ಕೇಕು ಇಂಗ್ಲೆಂಡಿನಲ್ಲೇ ಹೊಸ ಫ್ಯಾಷನ್ನು!

ಪಕ್ಕದ ಕೇರಳದಲ್ಲೂ ಅದೇ ಹೊತ್ತಿಗೆ ಇದರ ಕಥೆ ಶುರುವಾಗುತ್ತದೆ. ತಲಶೇರಿಯ ಬಿಸ್ಕತ್ತು ತಯಾರಕ ಮಂಬಳ್ಳಿ ಬಾಪು 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ತಂದುಕೊಟ್ಟ ಮಾದರಿಯನ್ನು ನೋಡಿ ಕೇಕು ಮಾಡಿಕೊಟ್ಟನೆಂದೂ, ಭಾರತೀಯನೊಬ್ಬ ಮಾಡಿದ ಮೊದಲ ಕ್ರಿಸ್‌ಮಸ್ ಕೇಕು ಅದೇ ಎಂದೂ ಹೇಳಿಕೆ ಇದೆ. ‘ಮೊದಲನೆಯದು’ ಎಂಬ ಮಾತುಗಳನ್ನು ಉಪ್ಪಿನಕಾಯಿಯಂತೆ ಸ್ವಲ್ಪವೇ ನಂಜಿಕೊಳ್ಳುವುದು ಒಳ್ಳೆಯದು. ಆದರೆ ವಿದೇಶಿ ಬ್ರಾಂದಿ ಸಿಗದಲ್ಲಿ ಊರಿನ ಮದ್ಯ, ಪರದೇಶದ ಹಣ್ಣಿಗೆ ಬದಲು ಊರ ಹಣ್ಣು ಎಂದು ಬಾಪು ಮಾಡಿಕೊಂಡನೆನ್ನಲಾದ ಹೊಂದಾಣಿಕೆ ಮಾತ್ರ ಭಾರತದ ಎಲ್ಲ ಕಡೆಯೂ ನಡೆದಿದೆ.

ಪ್ಲಮ್ ಇಲ್ಲದ ಪ್ಲಮ್ ಕೇಕು

ಈ ಕೇಕಿಗೆ ನಮ್ಮಲ್ಲಿ ಪ್ಲಮ್ ಕೇಕು ಎಂದೇ ಹೆಸರು. ಹುಡುಕಿದರೂ ಒಳಗೆ ಪ್ಲಮ್ ಹಣ್ಣು ಸಿಗುವುದಿಲ್ಲ. ಬೇಕರಿಯವನು ಮೋಸ ಮಾಡಿದನೆಂದು ತಿಳಿಯಬೇಕಿಲ್ಲ. ಹಿಂದೆ ಇಂಗ್ಲಿಷಿನಲ್ಲಿ ಅಡುಗೆಗೆ ಹಾಕುವ ಒಣದ್ರಾಕ್ಷಿಯನ್ನೂ ‘ಪ್ಲಮ್’ ಎಂದೇ ಕರೆಯುತ್ತಿದ್ದರು. ಪದದ ಅರ್ಥ ಬದಲಾಯಿತು, ಕೇಕಿನ ಹೆಸರು ಬದಲಾಗಲಿಲ್ಲ. ನಮ್ಮ ಎಣ್ಣೆ ಎಂಬ ಮಾತು ಎಳ್ಳಿನಿಂದ ಹುಟ್ಟಿದ್ದರೂ ಕಡಲೆಕಾಯಿ ಎಣ್ಣೆ ಎನ್ನುವುದಿಲ್ಲವೇ?

ದ್ರಾಕ್ಷಿಯ ಮಾತು ಬಂದಾಗ ಇನ್ನೊಂದು ಸಂಗತಿ. 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟಗಳು ಧಾರಾಳ. ಆದರೆ ಅಲ್ಲಿ ಹೆಸರಾದ ಬೆಂಗಳೂರು ನೀಲಿ ದ್ರಾಕ್ಷಿ ಬೀಜವಿರುವ ತಳಿ, ರಸಕ್ಕೆ ಒಗ್ಗುವಂಥದು. ಒಣಗಿಸಿ ಕೇಕಿಗೆ ಹಾಕಲು ಬೀಜವಿಲ್ಲದ ದ್ರಾಕ್ಷಿ ಬೇಕು, ಅದು ವಿಜಯಪುರ, ಸಾಂಗ್ಲಿ ಕಡೆಯಿಂದ ಬರಬೇಕು. ಹೀಗಾಗಿ ಹಬ್ಬದ ಮನೆಯಲ್ಲಿ ಹತ್ತಿರದ ದ್ರಾಕ್ಷಿ ವೈನಿನ ಜಾಡಿಗೂ, ದೂರದ ದ್ರಾಕ್ಷಿ ಕೇಕಿಗೂ ಸೇರುತ್ತದೆ. ಶ್ರೀನಿವಾಸಪುರದ ಮಾವಿಗಂತೂ ಈ ಹಬ್ಬದಲ್ಲಿ ಪಾಲಿಲ್ಲ. ಡಿಸೆಂಬರಿನಲ್ಲಿ ಮರಗಳು ಇನ್ನೂ ಹೂವಿನ ಯೋಚನೆಯಲ್ಲಿರುತ್ತವೆ.

ಕೆಂಪು, ಹಸಿರು, ಹಳದಿ ತುಣುಕುಗಳ ಟೂಟಿ ಫ್ರೂಟಿ ಮಾತ್ರ ಅಪ್ಪಟ ದೇಶಿ ಜಾಣ್ಮೆ. ಹೆಸರು ಇಟಲಿಯದು, ಒಳಗಿರುವುದು ಪರಂಗಿಕಾಯಿ! ಹಣ್ಣಾಗದ ಕಾಯಿಯ ತಿರುಳನ್ನು ಸಣ್ಣ ಚೌಕಗಳಾಗಿ ಹೆಚ್ಚಿ, ಬೇಯಿಸಿ, ಸಕ್ಕರೆ ಪಾಕದಲ್ಲಿ ಊರಿಸುತ್ತಾರೆ. ಪಾಕವನ್ನು ದಿನದಿಂದ ದಿನಕ್ಕೆ ಗಟ್ಟಿ ಮಾಡುತ್ತಾ ಹೋದರೆ ಕಾಯಿಯೊಳಗಿನ ನೀರು ಹೊರಬಂದು ಸಕ್ಕರೆ ಒಳಹೋಗುತ್ತದೆ. ಕೊನೆಗೆ ಬಣ್ಣ. ಪರಂಗಿಕಾಯಿಗೆ ತನ್ನದೇ ಆದ ರುಚಿ ಹೆಚ್ಚಿಲ್ಲದಿರುವುದೇ ಇಲ್ಲಿ ಅದರ ಅರ್ಹತೆ.

ಒಂದು ಪೌಂಡಿನ ಲೆಕ್ಕ

ಹಳೆಯ ಕೇಕಿನ ಲೆಕ್ಕವನ್ನು ಬರೆದಿಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ. ಒಂದು ಪೌಂಡು ಮೈದಾ, ಒಂದು ಪೌಂಡು ಬೆಣ್ಣೆ, ಒಂದು ಪೌಂಡು ಸಕ್ಕರೆ, ಒಂದು ಪೌಂಡು ತೂಗುವಷ್ಟು ಮೊಟ್ಟೆ. ಅದಕ್ಕೇ ಪೌಂಡ್ ಕೇಕು ಎಂಬ ಹೆಸರು. ಪೌಂಡೆಂದರೆ ಸುಮಾರು 454 ಗ್ರಾಂ. ಆದರೆ ಪೌಂಡೇ ಆಗಬೇಕೆಂಬ ಹಟವೇನೂ ಇಲ್ಲ. ತಕ್ಕಡಿಯ ಒಂದು ಕಡೆ ನಾಲ್ಕು ಮೊಟ್ಟೆ ಇಟ್ಟು, ಇನ್ನೊಂದು ಕಡೆ ಅದೇ ತೂಕದ ಮೈದಾ, ಬೆಣ್ಣೆ, ಸಕ್ಕರೆ ತೂಗಿದರೆ ಲೆಕ್ಕ ಮುಗಿಯಿತು. ಕಲ್ಲು, ಗುಂಡು, ಗ್ರಾಂ ಯಾವುದೂ ಬೇಡ. ಓದು ಬಾರದ ಅಡುಗೆಯಾಳೂ ಇದನ್ನು ನೆನಪಿಡಬಲ್ಲ. ಸೇರು, ಪಾವು, ಚಟಾಕುಗಳ ಕಾಲದಿಂದ ಕಿಲೋಗ್ರಾಮಿನ ಕಾಲಕ್ಕೆ ಈ ಪಾಕ ಸುಲಭವಾಗಿ ದಾಟಿ ಬಂದದ್ದು ಇದರಿಂದಲೇ. ಹಣ್ಣು ಹಾಕುವುದು ಕೈಗೆಟುಕಿದಷ್ಟು. ಒಳ್ಳೆಯ ವರ್ಷದಲ್ಲಿ ಹಿಟ್ಟಿಗಿಂತ ಹಣ್ಣು ಹೆಚ್ಚು, ಕಷ್ಟದ ವರ್ಷದಲ್ಲಿ ಹಿಡಿಯಷ್ಟು ದ್ರಾಕ್ಷಿ.

ಹಣ್ಣನ್ನು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ, ರಮ್ಮಿನಲ್ಲೋ ಬ್ರಾಂದಿಯಲ್ಲೋ ನೆನೆಹಾಕುವುದು ಏಕೆ? ಅಮಲಿಗಾಗಿ ಅಲ್ಲ. ಒಣಹಣ್ಣು ಬಾಯಾರಿದ ಹಣ್ಣು. ನೆನೆಸದೆ ಹಾಗೆಯೇ ಹಾಕಿದರೆ ಹಿಟ್ಟಿನ ತೇವವನ್ನೆಲ್ಲ ಹೀರಿ ಕೇಕನ್ನು ಒಣಗಿಸುತ್ತದೆ. ಮೊದಲೇ ಕುಡಿದು ಉಬ್ಬಿದ ಹಣ್ಣು ಕೇಕಿನಿಂದ ಕಸಿದುಕೊಳ್ಳುವ ಬದಲು ಅದಕ್ಕೆ ಕೊಡುತ್ತದೆ. ಇನ್ನು, ಸಕ್ಕರೆ ಹೆಚ್ಚಿರುವಲ್ಲಿ ನೀರೆಲ್ಲ ಸಕ್ಕರೆಗೆ ಕಟ್ಟುಬೀಳುವುದರಿಂದ ಬೂಷ್ಟಿಗೆ ಬೆಳೆಯಲು ನೀರು ದಕ್ಕುವುದಿಲ್ಲ. ಮದ್ಯವೂ ಸೇರಿದರೆ ಕಾವಲು ಇಮ್ಮಡಿ. ನಮ್ಮ ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವನ್ನೇ ಇಲ್ಲಿ ಸಕ್ಕರೆ ಮಾಡುತ್ತದೆ. ಫ್ರಿಜ್ಜು ಇಲ್ಲದ ದಿನಗಳಲ್ಲಿ ಡಿಸೆಂಬರಿನಲ್ಲಿ ಬೆಂದ ಕೇಕು ಹೊಸ ವರ್ಷ ದಾಟಿದರೂ ಕೆಡುತ್ತಿರಲಿಲ್ಲ.

ಮದ್ಯ ಮುಟ್ಟದವರು ಏನು ಮಾಡಬೇಕು? ಕೋಲಾರದ ಮಟ್ಟಿಗೆ ಇದು ಬರಿಯ ಔಪಚಾರಿಕ ಪ್ರಶ್ನೆಯಲ್ಲ. ಈ ಜಿಲ್ಲೆಯ ಕ್ರೈಸ್ತರೆಲ್ಲ ಗಣಿಯ ಸುತ್ತಲಿನವರಲ್ಲ. 1876–78ರ ಭೀಕರ ಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥಾಲಯ ನಡೆಸಿದರು. ಅದು 1890ರಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಕೈಗೆ ಬಂತು. ಕೋಲಾರದ ಹೆಸರಾಂತ ಇ.ಟಿ.ಸಿ.ಎಂ. ಆಸ್ಪತ್ರೆ 1910ರಲ್ಲಿ ಆರಂಭವಾದದ್ದು ಇದೇ ಮಿಷನ್ನಿನಿಂದ. ಮೆಥಡಿಸ್ಟರು ಮದ್ಯಪಾನದ ಕಡು ವಿರೋಧಿಗಳು. ಅಂಥ ಮನೆಗಳಿಗೆ ರಮ್ಮಿಲ್ಲದ ಕೇಕೇ ಸರಿ. ಕಡುಗಪ್ಪು ಚಹಾ, ಕಿತ್ತಳೆ ರಸ, ಕಡೆಗೆ ಬಿಸಿನೀರೂ ಹಣ್ಣಿನ ಬಾಯಾರಿಕೆಯನ್ನು ತಣಿಸಬಲ್ಲದು. ತಿಂಗಳುಗಟ್ಟಲೆ ಕಾಯುವ ಬದಲು ಒಂದು ರಾತ್ರಿ ಸಾಕು. ಆದರೆ ಇಂಥ ಕೇಕನ್ನು ವಾರದೊಳಗೆ ತಿಂದು ಮುಗಿಸಬೇಕು, ಅಷ್ಟೇ ವ್ಯತ್ಯಾಸ.

ಬಣ್ಣದ ಗುಟ್ಟು ಸುಟ್ಟ ಸಕ್ಕರೆಯಲ್ಲಿದೆ. ದಪ್ಪ ತಳದ ಪಾತ್ರೆಯಲ್ಲಿ ನೀರು ಹಾಕದೆ ಸಕ್ಕರೆ ಕಾಯಿಸಿದರೆ ಅದು ಕರಗಿ ಹೊಂಬಣ್ಣ, ಕೆಂಪು, ಕಂದು ಎಂದು ಬಣ್ಣ ಬದಲಿಸುತ್ತದೆ. ಕಡುಗಂದಾಗಿ ಹೊಗೆ ಏಳಲು ತೊಡಗಿದ ಕೂಡಲೇ ಒಲೆಯಿಂದಿಳಿಸಿ, ಮುಖ ಹಿಂದಿಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಬಿಸಿನೀರು ಹಾಕಬೇಕು. ಭುಗ್ಗೆಂದು ಸಿಡಿಯುವ ಈ ಗಳಿಗೆಯಲ್ಲಿ ಮಕ್ಕಳು ಅಡುಗೆಮನೆಯಲ್ಲಿ ಇರಬಾರದು. ಅರೆ ನಿಮಿಷ ತಡವಾದರೆ ಕೇಕೆಲ್ಲ ಕಹಿ. ಮುಂಚೆಯೇ ಇಳಿಸಿದರೆ ಬಣ್ಣವೇ ಬರದು. ಇದು ಪುಸ್ತಕ ನೋಡಿ ಬರುವ ವಿದ್ಯೆಯಲ್ಲ, ಒಂದೆರಡು ಪಾತ್ರೆ ಸುಟ್ಟುಕೊಂಡು ಕಲಿಯಬೇಕು.

ಇನ್ನು ಬೆಂಕಿ. ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಅಷ್ಟು ಮುಂಚೆ ವಿದ್ಯುತ್ ಕಂಡ ಊರಿನಲ್ಲಿ ಕೇಕು ಮಾತ್ರ ಸೌದೆ ಒಲೆಯನ್ನೇ ನೆಚ್ಚಿಕೊಂಡಿತ್ತು! ಬೇಕರಿಯ ಹಳೆಯ ಒಲೆಯೆಂದರೆ ಇಟ್ಟಿಗೆಯ ಗುಮ್ಮಟ. ಒಳಗೇ ಸೌದೆ ಉರಿಸಿ, ಇಟ್ಟಿಗೆಗಳು ಚೆನ್ನಾಗಿ ಕಾದ ಮೇಲೆ ಕೆಂಡ, ಬೂದಿ ಎಳೆದು ಬಾಯಿ ಮುಚ್ಚುತ್ತಾರೆ. ಬೇಯಿಸುವುದು ಉರಿಯಲ್ಲ, ಇಟ್ಟಿಗೆ ಹೀರಿಟ್ಟುಕೊಂಡ ಕಾವು. ಮಾಲೂರಿನ ಇಟ್ಟಿಗೆ, ಹಂಚಿನ ಗೂಡುಗಳು ಬೆಂಕಿ ಆರಿದ ಮೇಲೂ ಎಷ್ಟು ಹೊತ್ತು ಬಿಸಿಯಾಗಿರುತ್ತವೆಂದು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಕಡುಕಾವು ಬ್ರೆಡ್ಡಿಗೆ, ಅದು ಇಳಿದಾಗ ಬನ್ನಿಗೆ, ಕೊನೆಯ ಮಂದ ಕಾವು ಕೇಕಿಗೆ. ಹಣ್ಣು ತುಂಬಿದ ಗಟ್ಟಿ ಹಿಟ್ಟಿಗೆ ಬೇಕಾದದ್ದೂ ಇದೇ. ಕಡುಕಾವಿನಲ್ಲಿ ಹೊರಗೆ ಸೀದು ಒಳಗೆ ಹಸಿಯಾಗಿ ಉಳಿಯುತ್ತದೆ. ಇಲ್ಲವಾದರೆ ತಣ್ಣಗಾಗಿ ಹೋಗುತ್ತಿದ್ದ ಕಾವಿನಲ್ಲಿ ಊರಿನವರ ಹಬ್ಬದ ಕೇಕು ಬೆಂದು ಬರುತ್ತಿತ್ತು. ಬೇಕರಿಯವನಿಗೆ ಅಚ್ಚಿಗಿಷ್ಟು ಎಂದು ಕೂಲಿ.

ಕ್ರಿಸ್‌ಮಸ್ ತಟ್ಟೆಯಲ್ಲಿ ಕೇಕು ಒಂದೇ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಫೋರ್ಕಿನ ಅಥವಾ ಬಾಚಣಿಗೆಯ ಬೆನ್ನಿನ ಮೇಲೆ ಸುತ್ತಿ ಕರಿದ ಕಲ್‌ಕಲ್, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗಿಳಿಸುವ ರೋಸ್ ಕುಕ್ಕಿ ಆಂಗ್ಲೋ-ಇಂಡಿಯನ್ನರ ಮನೆಗಳವು. ಕನ್ನಡ, ತೆಲುಗು, ತಮಿಳು ಮಾತಾಡುವ ಕ್ರೈಸ್ತರ ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ಮುರುಕು. ತಟ್ಟೆ ನೆರೆಮನೆಗೆ ಹೋಗಿ ಬರುವಾಗ ಇವೆಲ್ಲ ಒಂದಕ್ಕೊಂದು ಬೆರೆಯುತ್ತವೆ.

ನೆರೆಯವರಲ್ಲಿ ಮೊಟ್ಟೆ ತಿನ್ನದವರೂ ಇದ್ದಾರೆ. ಅವರ ದಾರಿಯನ್ನು ಸುಗಮ ಮಾಡಿದ್ದು ಅಯ್ಯಂಗಾರ್ ಬೇಕರಿ. ಹಾಸನ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ.ಬಿ. ಬೇಕರಿಯಿಂದ ಈ ಪರಂಪರೆ ಬೆಳೆಯಿತು. ಸಿಹಿತಿಂಡಿ ಅಂಗಡಿಗೆ ಬರುತ್ತಿದ್ದ ಇಂಗ್ಲಿಷ್ ಗಿರಾಕಿಯೊಬ್ಬ ಅವರಿಗೆ ಬ್ರೆಡ್ಡು ಮಾಡುವುದನ್ನು ಕಲಿಸಿದನೆಂದು ಹೇಳುತ್ತಾರೆ. ಇಂದು ಅಯ್ಯಂಗಾರ್ ಬೇಕರಿಯ ಫಲಕವಿಲ್ಲದ ಪೇಟೆ ಬೀದಿ ಹಳೆ ಮೈಸೂರು ಕಡೆ ಅಪರೂಪ. ಅಲ್ಲಿ ಸಿಗುವ ಟೂಟಿ ಫ್ರೂಟಿ ಹಾಕಿದ ಸಿಹಿ ಬ್ರೆಡ್ಡನ್ನು ಕಾರ್ನ್‌ವಾಲಿನ ದ್ರಾಕ್ಷಿ ಬ್ರೆಡ್ಡಿನ ಪಕ್ಕ ಇಟ್ಟರೆ ಎರಡಕ್ಕೂ ನಂಟಿರುವಂತೆ ಕಾಣುತ್ತದೆ. ಒಂದರಲ್ಲಿ ಕೇಸರಿ, ಇನ್ನೊಂದರಲ್ಲಿ ಏಲಕ್ಕಿ.

ಕುಕ್ಕರಿನಲ್ಲೂ ಆದೀತು

ತಗಡಿನ ಅಚ್ಚನ್ನು ಹೊತ್ತು ಹೋಗಲು ಸೌದೆ ಒಲೆಯ ಬೇಕರಿ ಈಗ ಹತ್ತಿರದಲ್ಲಿ ಇಲ್ಲದಿದ್ದರೂ, ಬೆಣ್ಣೆ, ಸಕ್ಕರೆಯನ್ನು ಗಂಟೆಗಟ್ಟಲೆ ತಿಕ್ಕುವ ತೋಳ್ಬಲ ಇಲ್ಲದಿದ್ದರೂ ಮಾಡಬಹುದಾದ ಹಳೆಯ ಪಾಕವೊಂದಿದೆ. ಹಣ್ಣನ್ನು ಕುದಿಸಿ ಮಾಡುವ ಕೇಕು ಅದು. ಒಣದ್ರಾಕ್ಷಿ, ಬೀಜ ತೆಗೆದ ಖರ್ಜೂರ, ಟೂಟಿ ಫ್ರೂಟಿ ಎಲ್ಲ ಸೇರಿ 250 ಗ್ರಾಂ ತೆಗೆದುಕೊಳ್ಳಬೇಕು. ಕಿತ್ತಳೆ ಸಿಪ್ಪೆ ಹಾಕುವುದಾದರೆ ಎರಡು ಸಲ ನೀರು ಬದಲಿಸಿ ಬೇಯಿಸಿ, ಕಹಿ ತೆಗೆದು, ಸಣ್ಣಗೆ ಹೆಚ್ಚಿರಬೇಕು. ಇದಕ್ಕೆ 100 ಗ್ರಾಂ ಬೆಣ್ಣೆ, 125 ಗ್ರಾಂ ಸಕ್ಕರೆ, ಹಾಲಿಲ್ಲದ ಚಹಾ ಡಿಕಾಕ್ಷನ್ 150 ಮಿಲಿಲೀಟರ್, ಎರಡು ಚಮಚ ಸುಟ್ಟ ಸಕ್ಕರೆಯ ಪಾಕ ಸೇರಿಸಿ ಐದಾರು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಪೂರ್ತಿ ಆರಲು ಬಿಡಬೇಕು. ಆರದೆ ಅವಸರ ಮಾಡಿದರೆ ಮೊಟ್ಟೆ ಗಂಟುಕಟ್ಟುತ್ತದೆ.

ಆರಿದ ಮೇಲೆ ಎರಡು ಮೊಟ್ಟೆ ಒಡೆದು ಹಾಕಿ ಕದಡಬೇಕು. 225 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಚಕ್ಕೆ, ಲವಂಗ, ಜಾಕಾಯಿಯ ಪುಡಿ ಬೆರೆಸಿ ಜರಡಿ ಹಿಡಿದು ಸೇರಿಸಬೇಕು. ಹಿಟ್ಟು ಕಂಡರೆ ಮಾಯವಾಗುವಷ್ಟೇ ಕಲಸಬೇಕು, ಜಾಸ್ತಿ ತಿರುವಿದರೆ ಕೇಕು ರಬ್ಬರಿನಂತಾಗುತ್ತದೆ. ಮೊಟ್ಟೆ ಬೇಡದವರು ಅರ್ಧ ಬಟ್ಟಲು ಹುಳಿ ಮೊಸರು ಹಾಕಿದರೆ ಸೋಡಾ ಅದರೊಡನೆ ಸೇರಿ ಹಿಟ್ಟನ್ನು ಉಬ್ಬಿಸುತ್ತದೆ. ಹಣ್ಣಿಗೆ ಮೈದಾ ಸವರಿದರೆ ತಳ ಸೇರುವುದಿಲ್ಲ ಎಂಬ ನಂಬಿಕೆ ಇದೆ. ನಿಜಕ್ಕೂ ಹಣ್ಣನ್ನು ಹಿಡಿದಿಡುವುದು ಹಿಟ್ಟಿನ ಗಟ್ಟಿತನ. ಸೌಟಿನಿಂದ ಧಾರೆಯಾಗಿ ಇಳಿಯದೆ ಧೊಪ್ಪನೆ ಬೀಳುವಂತಿದ್ದರೆ ಹದ ಸರಿಯಾಗಿದೆ.

ಓವನ್ ಇದ್ದವರಿಗೆ 160 ಡಿಗ್ರಿ ಸೆಲ್ಸಿಯಸ್, ಸುಮಾರು ಒಂದು ಗಂಟೆ. ಇಲ್ಲದವರಿಗೆ ಹಳೆಯ ಪ್ರೆಷರ್ ಕುಕ್ಕರ್. ತಳದಲ್ಲಿ ಎರಡು ಬೆರಳು ದಪ್ಪ ಒಣ ಮರಳು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ಟು, ವೆಯ್ಟು ಎರಡನ್ನೂ ತೆಗೆದು ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಬೆಣ್ಣೆ ಸವರಿ ಕಾಗದ ಹಾಸಿದ ಅಚ್ಚನ್ನು ಒಳಗಿಟ್ಟ ಮೇಲೆ ಉರಿ ತೀರಾ ಸಣ್ಣದಿರಲಿ. ಬೇಕರಿ ಒಲೆಯಲ್ಲಿ ಇಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮರಳು ಮಾಡುತ್ತದೆ. ಕುಕ್ಕರಿನೊಳಗೆ ನೀರು ಹಾಕಬಾರದು, ಹಾಕಿದರೆ ಕೇಕಿನ ಬದಲು ಕಡುಬು. ಒಂದು ಗಂಟೆಯ ನಂತರ ನಡುವೆ ಕಡ್ಡಿ ಚುಚ್ಚಿ ನೋಡಬೇಕು. ಹಿಟ್ಟು ಅಂಟದೆ ಬಂದರೆ ಬೆಂದಿದೆ.

ಗಣಿಯ ಊರಿನಲ್ಲಿ ಈ ಪಾಕಗಳನ್ನೆಲ್ಲ ಕೈಯಿಂದ ಕೈಗೆ ಕೊಡುತ್ತಿದ್ದ ಕುಟುಂಬಗಳು ಈಗ ಚದುರಿವೆ. ಸ್ವಾತಂತ್ರ್ಯದ ನಂತರದ ವರ್ಷಗಳಲ್ಲೇ ಅನೇಕ ಆಂಗ್ಲೋ-ಇಂಡಿಯನ್ನರು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ, ಆಮೇಲೆ ಕೇಂದ್ರದ ವಶಕ್ಕೆ ಬಂದವು. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಸುರಂಗಗಳಿಂದ ಅದಿರು ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಉಳಿದವರಲ್ಲಿ ಸಾವಿರಾರು ಮಂದಿಗೆ ಬೆಂಗಳೂರಿನ ರೈಲೇ ಗತಿ. ಕತ್ತಲಿರುವಾಗಲೇ ಹೊರಟು ಕತ್ತಲಾದ ಮೇಲೆ ಮನೆ ಸೇರುವವರಿಗೆ ಹಿಟ್ಟು ಕಲಸಲು ಪುರುಸೊತ್ತೆಲ್ಲಿ? ಬರುವಾಗ ಮೆಜೆಸ್ಟಿಕ್ಕಿನಲ್ಲೋ ಬಂಗಾರಪೇಟೆಯಲ್ಲೋ ಒಂದು ಕೇಕಿನ ಪೊಟ್ಟಣ ಕೊಂಡರೆ ಹಬ್ಬ ನಡೆಯುತ್ತದೆ.

ಬಾಯಿಮಾತಿನಲ್ಲೇ ಇದ್ದ ಲೆಕ್ಕಗಳನ್ನು ಬರೆದಿಡುವ ಕೆಲಸವೂ ಇದರ ನಡುವೆ ಆಗಿದೆ. ಗಣಿಯ ಊರಿನಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಆಂಗ್ಲೋ-ಇಂಡಿಯನ್ ಅಡುಗೆಯ ಬಗ್ಗೆ ಇಂಗ್ಲಿಷಿನಲ್ಲಿ ಹಲವು ಪುಸ್ತಕಗಳನ್ನು ಬರೆದಿದ್ದಾರೆ, ಊರಿನ ನೆನಪುಗಳ ಪುಸ್ತಕವನ್ನೂ ತಂದಿದ್ದಾರೆ. ಮುದ್ದೆ, ಕಜ್ಜಾಯಗಳ ಹದ ಹೇಗೋ ಹಾಗೆ ಇಲ್ಲೂ ಪುಸ್ತಕ ಅರ್ಧ ದಾರಿ ಕರೆದೊಯ್ಯುತ್ತದೆ. ಸಕ್ಕರೆ ಹೊಗೆಯಾಡುವ ಗಳಿಗೆಯನ್ನು ಪಕ್ಕದಲ್ಲಿ ನಿಂತು ತೋರಿಸಿಕೊಡುವವರು ಬೇಕು. ಅಂಥವರು ರಾಬರ್ಟ್‌ಸನ್‌ಪೇಟೆ, ಊರಿಗಾಂ, ಚಾಂಪಿಯನ್ ರೀಫ್ ಕಡೆ ಇನ್ನೂ ಇರುವಾಗಲೇ ಕೇಳಿ ಕಲಿಯುವವರು ಮುಂದೆ ಬರಬೇಕು.

ಒಲೆಯಿಂದ ಇಳಿಸಿದ ಕೇಕನ್ನು ಅಂದೇ ಕೊಯ್ಯಬಾರದು. ಬಿಸಿಯಲ್ಲಿ ಚಾಕು ಇಟ್ಟರೆ ಪುಡಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಬೆಣ್ಣೆ ಕಾಗದದಲ್ಲಿ ಸುತ್ತಿ, ಡಬ್ಬದಲ್ಲಿ ಮುಚ್ಚಿ ಎರಡು ದಿನ ಇಟ್ಟರೆ ಹಣ್ಣಿನ ತೇವ ಎಲ್ಲ ಕಡೆಗೂ ಹರಡಿ, ಮಸಾಲೆಯ ಖಾರ ಇಳಿದು, ಹೋಳು ನುಣ್ಣಗೆ ಬರುತ್ತದೆ. 25ನೇ ತಾರೀಖು ತಟ್ಟೆಯಲ್ಲಿರಬೇಕಾದ ಕೇಕು 22ರಂದು ಒಲೆ ಏರಿರಬೇಕು.